ಟಿವಿ ಮದುಮಗಳ ಮೂರು ಬಣ್ಣದ ಸೀರೆ

ಜವಳಿ ಅಂಗಡಿಗೆ ಕೆಲಸಕ್ಕೆ ಸೇರುವ ಹುಡುಗರೇ, ಮೊದಲು ಸೀರೆ ಉಡಲು ಕಲಿಯಿರಿ. ಹುಡುಗಿಯರಿಗೆ ಹೇಗೂ ಬರುತ್ತದೆ, ಬಾರದಿದ್ದರೆ ಅಮ್ಮ ಬೈದು ಕಲಿಸುತ್ತಾಳೆ. ನಾನು ಹೇಳುತ್ತಿರುವುದು ಮೀಸೆ ಬಂದವರಿಗೆ. ಎಪ್ಪತ್ತರ ದಶಕದಲ್ಲಿ ಬಂದರಿಗೆ ಇಳಿಯುವ ರಸ್ತೆಯ ಅಂಗಡಿಯೊಂದಕ್ಕೆ ನಾನು ಸೇರಿದಾಗ ನನ್ನ ಸೊಂಟದಲ್ಲಿ ಪಂಚೆಯೇ ಸರಿಯಾಗಿ ನಿಲ್ಲುತ್ತಿರಲಿಲ್ಲ. ಬಿಟ್ಟು ಬರುವ ಹೊತ್ತಿಗೆ ಕಣ್ಣು ಮುಚ್ಚಿ ನೆರಿಗೆ ಹಿಡಿಯುತ್ತಿದ್ದೆ. ನಡುವೆ ಸಿಕ್ಕಿದ ಬಡ್ತಿಗಳ ವಿಷಯ ಬೇಡ. ಕೊಡಲು ದಣಿಗಳು ಮರೆತಿದ್ದರು, ಬರೆಯಲು ನಾನೂ ಮರೆಯುತ್ತೇನೆ.

ನನಗೆ ಕೆಲಸ ಕಲಿಸಿದವರು ಹಿರಿಯ ಸೇಲ್ಸ್‌ಮನ್ ಮೋನಪ್ಪಣ್ಣ. ಬಾಯಲ್ಲಿ ಸದಾ ಎಲೆಯಡಿಕೆ. ಆದ್ದರಿಂದ ಅವರ ಪಾಠವೆಲ್ಲ ತಲೆ ಮೇಲಕ್ಕೆತ್ತಿ, ಗಂಟಲಿನಿಂದ ಬರುತ್ತಿತ್ತು. ಒಂದು ಪಾಠ: ಗಿರಾಕಿ ಅಂಗಡಿಯ ಬಿಳಿ ಹಾಸಿಗೆಯ ಮೇಲೆ ಕೂತಾಗ ಸೀರೆಯನ್ನು ನಾವೇ ಮೈಮೇಲೆ ಹೊದ್ದು ತೋರಿಸಬೇಕು, ಆದರೆ ಸೆರಗು ಬಲ ಹೆಗಲಿಗೆ.

"ಹೆಂಗಸರು ಎಡಕ್ಕೆ ಹಾಕುವುದಲ್ವಾ ಮೋನಪ್ಪಣ್ಣ?" ಎಂದು ಕೇಳಿದೆ.

"ನೀನು ಹೆಂಗಸಾ? ನೀನು ಕನ್ನಡಿ. ಎದುರು ಕೂತವಳಿಗೆ ಕನ್ನಡಿಯಲ್ಲಿ ತನ್ನನ್ನೇ ನೋಡಿದ ಹಾಗೆ ಆಗ್ಬೇಕು. ನಿನ್ನ ಮುಖ ಮಾತ್ರ ಸ್ವಲ್ಪ ಆಚೆ ತಿರುಗಿಸಿಕೋ, ಇಲ್ಲದಿದ್ದರೆ ವ್ಯಾಪಾರ ಆಗ್ಲಿಕ್ಕಿಲ್ಲ."

ಹಾಗೆ ನಾನು ಬಲಹೆಗಲಿನ ಹೆಂಗಸಾದೆ.

ಇನ್ನೊಂದು ಪಾಠ: ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನಂಬಬಾರದು. ಗಿರಾಕಿ ಒಪ್ಪಿದ ಮೇಲೆ ಸೀರೆಯನ್ನು ಬಾಗಿಲಾಚೆ ಒಯ್ದು ಬಿಸಿಲಿಗೆ ಹಿಡಿದು ತೋರಿಸಿಯೇ ಕಟ್ಟಿಕೊಡಬೇಕು. ಒಳ್ಳೆಯ ಪಾಠವೇ. ಆದರೆ ನಮ್ಮ ಬಾಗಿಲಾಚೆ ಇದ್ದದ್ದು ಬಂದರು ರಸ್ತೆ. ಸೇರಿದ ತಿಂಗಳಲ್ಲೇ ಒಬ್ಬ ಡಾಕ್ಟರರ ಹೆಂಡತಿಗೆ ಬಿಳಿ ರೇಷ್ಮೆಯನ್ನು ಬಿಸಿಲಿಗೆ ಹಿಡಿದು, "ನೋಡಿ ಅಕ್ಕ, ಹಾಲು! ಹಾಲಿನ ಕೆನೆ!" ಎಂದು ಹೊಗಳುತ್ತ ಸೆರಗು ಬೀಸಿದೆ. ಸೆರಗು ಬೂತಾಯಿ ಮೀನಿನ ಕೈಗಾಡಿಯ ಮೊಳೆಗೆ ಸಿಕ್ಕಿಕೊಂಡಿತು. ಗಾಡಿ ಇಳಿಜಾರಿನಲ್ಲಿತ್ತು. ನಾನು ಒಂದು ತುದಿ, ಮೀನು ಇನ್ನೊಂದು ತುದಿ. ಇಬ್ಬರೂ ಬಂದರಿನ ಕಡೆಗೆ ಓಡಿದೆವು. ಹಿಂದಿನಿಂದ ಮೋನಪ್ಪಣ್ಣ ಮೊದಲ ಬಾರಿಗೆ ಎಲೆಯಡಿಕೆ ಉಗುಳಿ ಕೂಗಿದರು: "ಬಿಡ್ಬೇಡ ಮಾರಾಯಾ, ಸೀರೆ ಬಿಡ್ಬೇಡ!" ನಾನು ಬಿಡಲಿಲ್ಲ. ಸೀರೆ ವಾಪಸು ಬಂತು, ಆದರೆ ಆಮೇಲೆ ಅದನ್ನು ತೋರಿಸಿದಾಗೆಲ್ಲ ಎಲ್ಲಿಂದಲೋ ಒಂದು ಬೆಕ್ಕು ಬಂದು ಹಾಸಿಗೆಯ ತುದಿಯಲ್ಲಿ ಕೂರುತ್ತಿತ್ತು.

ಮದುವೆಯಾದದ್ದೂ ಇದೇ ಕೆಲಸದಿಂದ. ಹೆಣ್ಣಿನ ಕಡೆಯವರು, ಹುಡುಗ ಹೇಗಿದ್ದಾನೆ ನೋಡುವ ಎಂದು ಹೇಳದೆ ಕೇಳದೆ ಅಂಗಡಿಗೆ ಬಂದಿದ್ದರು. ಹುಡುಗಿಯ ತಂದೆ ಮೋನಪ್ಪಣ್ಣನ ಹತ್ತಿರ ಮೆಲ್ಲಗೆ ಕೇಳಿದ್ದಾರೆ: "ಇಲ್ಲಿ ವಾಸು ಅಂತ ಒಬ್ಬ ಇದ್ದಾನಂತಲ್ಲ, ಯಾರು?"

ಮೋನಪ್ಪಣ್ಣ ತಲೆಯೆತ್ತಿ, "ಅಗೋ, ಆ ಗಿಳಿಹಸಿರು ಸೀರೆ ಉಟ್ಟವ" ಎಂದರಂತೆ.

ತಂದೆ ಚಪ್ಪಲಿ ಹುಡುಕತೊಡಗಿದರು. ಹುಡುಗಿ ಯಶೋದಾ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪಾ, ಅಮ್ಮನಿಗಿಂತ ನೆರಿಗೆ ಚಂದ ಹಿಡಿದಿದ್ದಾರೆ" ಎಂದಳು. ಸಂಬಂಧ ಕುದುರಿತು. ಮದುವೆಯ ದಿನ ಅವಳ ಸೆರಗು ಜಾರಿದಾಗ ಸರಿಮಾಡಿದ್ದು ನಾನೇ.

ಇಷ್ಟು ಪೀಠಿಕೆ ಯಾಕೆಂದರೆ ಬಲ ಹೆಗಲು, ಬಿಸಿಲು, ಯಶೋದಾ ಈ ಮೂರೂ ಮುಂದೆ ನನ್ನ ಅನ್ನ ಉಳಿಸಿದವು. ಕಳೆಯಲು ನೋಡಿದ್ದು ಟಿವಿ.

ಎಂಬತ್ತರ ದಶಕದ ನಡುವಿಗೆ ಮಂಗಳೂರಿಗೂ ಟಿವಿ ಬಂತು. ನಮ್ಮ ದಣಿಗಳು ಕಪ್ಪುಬಿಳುಪು ಸೆಟ್ಟು ತಂದರು. ಬಣ್ಣದ್ದಕ್ಕೆ ಅವರಿಗೆ ಮನಸ್ಸು ಬರಲಿಲ್ಲ. ಬದಲಿಗೆ ಹಂಪನಕಟ್ಟೆಯಲ್ಲಿ ಒಬ್ಬ ಮಾರುತ್ತಿದ್ದ ಪ್ಲಾಸ್ಟಿಕ್ ಹಾಳೆಯೊಂದನ್ನು ತಂದು ಪರದೆಗೆ ಅಂಟಿಸಿದರು. ಈಗಿನವರಿಗೆ ಅದು ಗೊತ್ತಿರಲಿಕ್ಕಿಲ್ಲ. ಹಾಳೆಯ ಮೇಲಿನ ಭಾಗ ನೀಲಿ, ನಡು ಕೇಸರಿ, ಕೆಳಗೆ ಹಸಿರು. ಆಕಾಶ, ಮನುಷ್ಯ, ಹುಲ್ಲು ಎಂದು ಲೆಕ್ಕ. ಎಲ್ಲರೂ ಸದಾ ಗದ್ದೆಯಲ್ಲೇ ನಿಂತಿದ್ದರೆ ಸರಿಯಾದ ಲೆಕ್ಕ.

ವಾರಕ್ಕೊಮ್ಮೆ ಸಂಜೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ದೊಡ್ಡ ಸಂಸಾರ, ಮನೆ ತುಂಬ ಜನ, ಜನ ತುಂಬ ಕಣ್ಣೀರು. ಆ ಮನೆಯ ದೊಡ್ಡ ಹುಡುಗಿಗೆ ಮದುವೆ ನಿಶ್ಚಯವಾಗಿತ್ತು. ನಿಶ್ಚಯವಾದದ್ದು ಆಗಬೇಕಲ್ಲ? ಒಂದು ವಾರ ಅಜ್ಜನಿಗೆ ಎದೆನೋವು. ಇನ್ನೊಂದು ವಾರ ಹುಡುಗನ ಕಡೆಯವರಿಗೆ ಮುನಿಸು. ಮತ್ತೊಂದು ವಾರ ಎಲ್ಲ ಸರಿ ಇತ್ತು, ನಮ್ಮಲ್ಲಿ ಕರೆಂಟಿರಲಿಲ್ಲ. ಊರಿಡೀ ಆ ಹುಡುಗಿಯ ಮದುವೆಗೆ ಕಾಯುತ್ತಿತ್ತು. ಅಂಗಡಿಗೆ ಬಂದವರು ರವಕೆ ಕಣ ಕೇಳುವ ಮೊದಲು, "ಈ ವಾರವಾದರೂ ಆಗ್ತದಾ?" ಎಂದು ಕೇಳುತ್ತಿದ್ದರು.

ದಣಿಗಳು ನಮ್ಮನ್ನೆಲ್ಲ ಮನೆಗೆ ಕರೆದು ತೋರಿಸುತ್ತಿದ್ದರು. ಅರ್ಥ ಹೇಳುವ ಕೆಲಸ ನನ್ನದು. ಒಮ್ಮೆ ಮಾಲು ತರಲು ಬೊಂಬಾಯಿಗೆ ಹೋಗಿದ್ದೆನಲ್ಲ, ಆದ್ದರಿಂದ ನನಗೆ ಹಿಂದಿ ಬರುತ್ತದೆ ಎಂದು ಊಹೆ. ಅಲ್ಲಿ ನಾನು ಕಲಿತದ್ದು 'ಎಷ್ಟು' ಮತ್ತು 'ಜಾಸ್ತಿಯಾಯಿತು' ಎಂಬ ಎರಡೇ ಮಾತು. ಹಾಗಾಗಿ ನನ್ನ ಅನುವಾದದಲ್ಲಿ ಧಾರಾವಾಹಿಯವರೆಲ್ಲ ಸದಾ ಚೌಕಾಸಿ ಮಾಡುತ್ತಿದ್ದರು. ದಪ್ಪ ಕನ್ನಡಕದ ಒಬ್ಬ ಮುದುಕ ಬಂದಾಗಲೆಲ್ಲ ನಾನು, "ವರದಕ್ಷಿಣೆ ಕೇಳ್ಲಿಕ್ಕೆ ಬಂದಿದ್ದಾನೆ" ಎನ್ನುತ್ತಿದ್ದೆ. ದಣಿಗಳ ತಾಯಿ ಅವನಿಗೆ ತುಳುವಿನಲ್ಲಿ ಹಾಕಿದ ಶಾಪಕ್ಕೆ ಅವನು ಬದುಕಿ ಉಳಿದದ್ದೇ ದೊಡ್ಡದು. ಅವನು ಆ ಮನೆಯ ಡಾಕ್ಟರ್ ಎಂದು ಗೊತ್ತಾಗುವಾಗ ಆರು ತಿಂಗಳಾಗಿತ್ತು.

ಕೊನೆಗೂ ಮದುವೆಯ ವಾರ ಬಂತು. ಹುಡುಗಿ ಮಂಟಪಕ್ಕೆ ಬಂದಳು. ತಲೆಯ ಮೇಲಿನ ಸೆರಗು ನೀಲಿ, ಮೈ ಕೇಸರಿ, ನೆರಿಗೆ ಹಸಿರು! ದಣಿಗಳ ತಾಯಿ ಕಣ್ಣೊರೆಸಿಕೊಂಡರು. ನಾನು ವ್ಯಾಪಾರಿಯ ಕಣ್ಣಿಂದ ಆ ಸೀರೆಯನ್ನೇ ನೋಡುತ್ತಿದ್ದೆ. ಹುಡುಗಿ ಕೂತಳು, ಸೀರೆಯ ನೀಲಿ ಮಾಯ. ಹಿರಿಯರ ಕಾಲಿಗೆ ಬಿದ್ದಳು. ಇಡೀ ಹುಡುಗಿ ಹಸಿರು.

"ಇದೆಂತ ಮೋನಪ್ಪಣ್ಣ, ಬಣ್ಣ ಬದಲಾಯ್ತಲ್ಲ?"

"ಸೀರೆ ಬದಲಿಸಿದ್ದಾಳೆ ಮಾರಾಯ. ದೊಡ್ಡ ಜನ ಅವರು. ನಿಲ್ಲಲಿಕ್ಕೊಂದು, ಕೂರಲಿಕ್ಕೊಂದು, ಕಾಲು ಹಿಡೀಲಿಕ್ಕೊಂದು."

"ನಿಂತಾಗ ಉಟ್ಟದ್ದು ಒಳ್ಳೆದುಂಟು" ಎಂದರು ದಣಿಗಳು. "ವಾಸೂ, ಏಜೆಂಟನಿಗೆ ಹೇಳು. ಅದೇ ನಮೂನೆ ನೇಯಿಸಿ ಒಂದು ಕಟ್ಟು ತರಿಸುವ. ಮದುವೆ ಸೀಸನ್ನಿಗೆ ಬಾಗಿಲಲ್ಲಿ ಕ್ಯೂ ನಿಲ್ತದೆ."

ಇಲ್ಲಿ ನೀವು ಕೇಳಬಹುದು, ನಿಮಗೆ ಕಣ್ಣಿರಲಿಲ್ಲವಾ ಎಂದು. ಇತ್ತು. ಆ ಪರದೆಯಲ್ಲಿ ಎಲ್ಲರ ತಲೆಯೂ ನೀಲಿಯೇ. ಮದುಮಗ ನೀಲಿ, ಭಟ್ಟರು ನೀಲಿ, ವಾರ್ತೆ ಓದುವವರೂ ನೀಲಿ. ಅದು ನಮಗೆ ಅಭ್ಯಾಸವಾಗಿ ಹೋಗಿತ್ತು. ಅಷ್ಟೊಂದು ನೀಲಿ ಮುಖದ ಸಂಸಾರದಲ್ಲಿ ಸೀರೆ ಮಾತ್ರ ಸತ್ಯ ಹೇಳುತ್ತಿದೆ ಎಂದು ಯಾಕೆ ನಂಬಿದೆವೋ, ಇವತ್ತಿಗೂ ನನಗೆ ತಿಳಿಯದು.

ಕಟ್ಟು ಬಂತು. ಸೀರೆಯ ಉದ್ದಕ್ಕೆ ಮೂರು ಅಗಲ ಪಟ್ಟಿ: ಮೇಲಂಚಿನ ಕಡೆ ನೀಲಿ, ನಡುವೆ ಕೇಸರಿ, ಕೆಳಗೆ ಹಸಿರು. ಒಂದೆರಡು ಅಸಲು ರೇಷ್ಮೆ, ಉಳಿದದ್ದು ಆರ್ಟ್ ಸಿಲ್ಕು. ಮೋನಪ್ಪಣ್ಣ ಒಂದನ್ನು ಬಿಸಿಲಿಗೆ ಹಿಡಿದರು. ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾದವನು ನಿಲ್ಲಿಸಿ, "ಯಾವ ಪಾರ್ಟಿ ಅಣ್ಣಾ?" ಎಂದು ಕೇಳಿದ.

ದಣಿಗಳ ಮುಖವೂ ಟಿವಿಯಲ್ಲಿದ್ದ ಹಾಗೆ ನೀಲಿಯಾಯಿತು. ತರಿಸಲು ಹೇಳಿದ್ದು ಯಾರೆಂದು ಅವರು ಆ ಕ್ಷಣವೇ ಮರೆತರು. "ವಾಸೂ, ಇದು ನಿನ್ನ ಮಾಲು. ಮಳೆ ಹಿಡಿಯುವುದರೊಳಗೆ ಈ ಕಟ್ಟು ಖಾಲಿ ಆಗ್ಬೇಕು. ಆಗದಿದ್ದರೆ ನಮ್ಮ ಭಾವನ ಒಣಮೀನಿನ ಗೋಡೌನು ಉಂಟು ಬಂದರಿನಲ್ಲಿ, ಗೊತ್ತುಂಟಲ್ಲ? ಅಲ್ಲಿ ಬುಟ್ಟಿ ಹೊರ್ಲಿಕ್ಕೆ ಒಬ್ಬ ಬೇಕಂತೆ."

ಮನೆಗೆ ಹೋಗಿ ಯಶೋದಾಳಿಗೆ ಹೇಳಿದೆ. ಅವಳು ಕಾವಲಿಯಲ್ಲಿ ಬಂಗುಡೆ ಮಗುಚುತ್ತ ಹೇಳಿದಳು: "ನೋಡಿ, ಮೀನು ನಾರಿದರೆ ಪರವಾಗಿಲ್ಲ, ತಿನ್ಲಿಕ್ಕಾಗ್ತದೆ. ಗಂಡ ನಾರಿದರೆ ಎಂತ ಮಾಡುವುದು? ಮಲಗುವುದು ಜಗಲಿಯಲ್ಲಿ."

ಎಪ್ರಿಲ್ ಇಡೀ ಒಂದು ಸೀರೆಯೂ ಹೋಗಲಿಲ್ಲ. ನಾನು ಹೊದ್ದು ತೋರಿಸಿದರೆ ಮಕ್ಕಳು ಅಳುತ್ತಿದ್ದವು. ಮೇ ತಿಂಗಳಲ್ಲಿ ಲೀಲಕ್ಕ ಬಂದರು. ಶಕ್ತಿನಗರದವರು. ಒಬ್ಬನೇ ಮಗ, ಜಯ, ಬಹರೈನಿನಲ್ಲಿ ಕೆಲಸ. ರಜೆಯಲ್ಲಿ ಬಂದಿದ್ದ, ದೇರೆಬೈಲಿನ ಹುಡುಗಿ ಶೈಲಳ ಜೊತೆ ಮದುವೆ ನಿಶ್ಚಯವಾಗಿತ್ತು. ನಮ್ಮಲ್ಲಿ ದಾರೆ ಸೀರೆ, ಎಂದರೆ ಮದುಮಕ್ಕಳ ಕೈಗೆ ನೀರೆರೆಯುವಾಗ ಹುಡುಗಿ ಉಡುವ ಸೀರೆ, ಗಂಡಿನ ಕಡೆಯಿಂದ ಬರಬೇಕು. ಲೀಲಕ್ಕ ಅದನ್ನೇ ತೆಗೆಯಲು ಬಂದದ್ದು. ಕೆಂಪು ತೋರಿಸಿದೆ, ಮರೂನು ತೋರಿಸಿದೆ, ಮಾವಿನೆಲೆ ಹಸಿರು ತೋರಿಸಿದೆ. ಯಾವುದೂ ಆಗಲಿಲ್ಲ. ಎದ್ದು ಹೊರಟವರು ಮೂಲೆಯ ಕಟ್ಟಿನ ಕಡೆ ನೋಡಿ ನಿಂತರು.

"ಓ ದೇವರೇ! ಇದು ಟಿವಿಯ ಮದುಮಗಳ ಸೀರೆಯಲ್ವಾ!"

ನಾನು ಗೋಡೆ ಹಿಡಿದುಕೊಂಡೆ. "ನಿಮ್ಮ ಮನೆಯಲ್ಲಿ ಟಿವಿಗೆ... ಪ್ಲಾಸ್ಟಿಕ್ ಹಾಳೆ ಉಂಟಾ ಲೀಲಕ್ಕ?"

"ಉಂಟಪ್ಪಾ. ನಮ್ಮ ಸಾಲಿನಲ್ಲಿ ಎಲ್ಲರ ಮನೆಯಲ್ಲೂ ಉಂಟು. ಕಲರ್ ಟಿವಿಯೇ ಆದ ಹಾಗೆ ಆಗ್ತದೆ."

ಲೀಲಕ್ಕ ಅಸಲು ರೇಷ್ಮೆಯದ್ದನ್ನು ಎದೆಗಪ್ಪಿಕೊಂಡು ಹೋದರು. ಬಿಸಿಲಿಗೆ ಹಿಡಿಯಲು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮರುದಿನದಿಂದ ಹಾಳೆಯ ಮನೆಯವರೆಲ್ಲ ಬರತೊಡಗಿದರು. ವಾರದೊಳಗೆ ಅರ್ಧ ಕಟ್ಟು ಖಾಲಿ. ದಣಿಗಳು ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ, ಗೋಳಿಬಜೆ ತರಿಸಿದರು. "ನಾನು ಆವತ್ತೇ ಹೇಳ್ಲಿಲ್ವಾ?" ಎಂದರು.

ಗೋಳಿಬಜೆ ಬಾಯಲ್ಲಿರುವಾಗಲೇ ದೇರೆಬೈಲಿನ ಕೃಷ್ಣಣ್ಣ ಬಂದರು. ಶೈಲಳ ಸೋದರಮಾವ. ನಮ್ಮ ಮದುವೆಗಳಲ್ಲಿ ಸೋದರಮಾವನ ಮಾತಿನ ಮುಂದೆ ಮುಹೂರ್ತವೂ ಬದಿಗೆ ಸರಿದು ನಿಲ್ಲುತ್ತದೆ. ಹಿಂದೆ ಶೈಲ, ಅವಳ ಹಿಂದೆ ಮುಖ ಸಣ್ಣದು ಮಾಡಿಕೊಂಡ ಲೀಲಕ್ಕ. ಕೃಷ್ಣಣ್ಣ ಪೊಟ್ಟಣ ಬಿಚ್ಚಿ ಸೀರೆಯನ್ನು ಹಾಸಿಗೆಯ ಮೇಲೆ ಎಸೆದರು.

"ಇದೆಂತ? ದಾರೆ ಸೀರೆಯಾ, ಹಡಗಿನ ಬಾವುಟವಾ?"

ದಣಿಗಳು ಮೆಲ್ಲಗೆ ಕಪಾಟಿನ ಹಿಂದೆ ಸರಿದರು. ನಾನು ಹೇಳಿದೆ: "ಟಿವಿಯ ಮದುವೆಯಲ್ಲಿ..."

"ನಮಗೆ ಟಿವಿ ಹೇಳಿಕೊಡ್ಬೇಡ. ನಮ್ಮ ಮನೆಯಲ್ಲಿ ಅಸಲು ಕಲರ್ ಟಿವಿ ಉಂಟು. ಅವಳು ಉಟ್ಟದ್ದು ಕೆಂಪು! ಅಚ್ಚಕೆಂಪು!"

ಲೀಲಕ್ಕ ಸುಮ್ಮನಿರಲಿಲ್ಲ. "ಎಂತ ಕೆಂಪು ಕೃಷ್ಣಣ್ಣ? ನಾನು ಕಣ್ಣಾರೆ ನೋಡಿದ್ದು. ನೀಲಿ, ಕೇಸರಿ, ಹಸಿರು. ನಮ್ಮ ಸಾಲಿನವರೆಲ್ಲ ನೋಡಿದ್ದಾರೆ, ಬೇಕಾದರೆ ಕರೀತೇನೆ."

"ಸಾಲಿನವರನ್ನಲ್ಲ, ಇಡೀ ಶಕ್ತಿನಗರವನ್ನು ಕರೀರಿ. ಈ ಸೀರೆಯಲ್ಲಿ ನಮ್ಮ ಹುಡುಗಿ ದಾರೆಗೆ ಕೂರುವುದಿಲ್ಲ. ಸೀರೆ ಬದಲಿಸ್ಲಿಕ್ಕೆ ನಿಮಗೆ ಮನಸ್ಸಿಲ್ಲದಿದ್ದರೆ ಮದುವೆಯೂ ಬೇಡ."

ಲೀಲಕ್ಕನ ಕಣ್ಣು ತುಂಬಿತು. ಕಪಾಟಿನ ಹಿಂದಿನಿಂದ ದಣಿಗಳು ನನಗೆ ಕೈಯಲ್ಲಿ ಬುಟ್ಟಿ ಹೊರುವ ಸನ್ನೆ ಮಾಡಿ ತೋರಿಸಿದರು. ಆಗ ಶೈಲ ನಕ್ಕಳು.

"ಮಾಮ, ನಮ್ಮ ಟಿವಿ ನೀವು ಬಣ್ಣದ ಗುಬ್ಬಿ ಪೂರ್ತಿ ತಿರುಗಿಸಿ ಇಟ್ಟದ್ದಲ್ವಾ, ಕೊಟ್ಟ ದುಡ್ಡಿಗೆ ಬಣ್ಣ ಕಮ್ಮಿ ಆಗ್ಬಾರದು ಅಂತ? ಅದರಲ್ಲಿ ಭಟ್ಟರ ಗಡ್ಡವೂ ಕೆಂಪು. ಹಾಲು ಕಾಯಿಸಿದರೆ ಅದೂ ಕೆಂಪು. ಆವತ್ತು ನೀವೇ ಅಲ್ವಾ ಕೇಳಿದ್ದು, ಇವರು ಯಾಕೆ ಟೊಮೆಟೊ ಸಾರು ಕುಡೀತಿದ್ದಾರೆ ಅಂತ?"

ಕೃಷ್ಣಣ್ಣ ಕೆಮ್ಮಿದರು. ಹುಡುಗಿ ಸೀರೆ ಎತ್ತಿಕೊಂಡು ನನ್ನ ಕಡೆ ತಿರುಗಿದಳು. "ಬಿಸಿಲಿಗೆ ಹಿಡಿದು ನೋಡುವ ಬನ್ನಿ."

ಮೀನಿನ ಗಾಡಿ ಬರುತ್ತಿಲ್ಲ ಎಂದು ಎರಡೂ ಕಡೆ ನೋಡಿ ಹಿಡಿದೆ. ಅವಳು ತುಂಬ ಹೊತ್ತು ನೋಡಿದಳು. "ನಿಜ ಹೇಳ್ಬೇಕಾ? ಚಂದ ಇಲ್ಲ" ಎಂದಳು. ನಿಜವಾಗಿಯೂ ಇರಲಿಲ್ಲ. ಆಮೇಲೆ ಲೀಲಕ್ಕನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು: "ಅತ್ತೆ, ಅಷ್ಟೊಂದು ಸೀರೆಯಲ್ಲಿ ಇದನ್ನೇ ಯಾಕೆ ತೆಗೆದ್ರಿ?"

"ನನಗೆ ಹೆಣ್ಣುಮಕ್ಕಳಿಲ್ಲ ಮಗಾ. ಜಯ ಅತ್ಲಾಗಿ ಬಹರೈನಿನಲ್ಲಿ. ವಾರವಾರವೂ ಒಬ್ಬಳೇ ಕೂತು ಆ ಹುಡುಗಿಯ ಮದುವೆಗೆ ಕಾದೆ. ಒಂದಲ್ಲ ಒಂದು ವಿಘ್ನ. ಕೊನೆಗೆ ಆಯ್ತಲ್ಲ, ಅವಳು ಆ ಸೀರೆ ಉಟ್ಟು ಹೊರಟಾಗ ನಮ್ಮ ಮನೆಗೇ ಬರುತ್ತಿದ್ದಾಳೆ ಅಂತ ಕಂಡಿತು ನನಗೆ. ನನ್ನ ಮಂಡೆ ಸರಿ ಇಲ್ಲ ಅಂತ ತಿಳ್ಕೋ."

ಶೈಲ ಸೀರೆಯನ್ನು ಮಡಿಸಿದಳು. ತಪ್ಪಾಗಿ ಮಡಿಸಿದಳು, ಆದರೆ ನಾನು ತಿದ್ದಲಿಲ್ಲ. "ಮಾಮ, ನಾನು ಇದನ್ನೇ ಉಡ್ತೇನೆ" ಎಂದಳು. ಹೊರಡುವಾಗ ನನ್ನ ಹತ್ತಿರ ಬಂದು ಕೇಳಿದಳು: "ಈ ನಮೂನೆ ಬೇರೆ ಯಾರಿಗೂ ಕೊಡ್ಲಿಲ್ಲ ಅಲ್ವಾ?"

"ಛೆ ಛೆ" ಎಂದೆ. ಆ ಎರಡು ಅಕ್ಷರಕ್ಕೆ ನಾನು ಮದುವೆಯ ದಿನ ಬೆಲೆ ಕೊಟ್ಟೆ.

ಮದುವೆಗೆ ಅಂಗಡಿಯವರಿಗೆಲ್ಲ ಕರೆ ಇತ್ತು. ನಾನು, ಯಶೋದಾ, ದಣಿಗಳು, ಮೋನಪ್ಪಣ್ಣ ಮದುವೆ ಹಾಲ್‌ನ ಬಾಗಿಲಲ್ಲಿ ನಿಂತು ಒಳಗೆ ನೋಡಿದೆವು. ಮುಂದಿನ ಸಾಲು: ನೀಲಿ, ಕೇಸರಿ, ಹಸಿರು. ಅದರ ಹಿಂದಿನದ್ದು: ನೀಲಿ, ಕೇಸರಿ, ಹಸಿರು. ಪಾನಕ ಕೊಡುವವಳು, ಮಲ್ಲಿಗೆ ಹಂಚುವವಳು, ಮಗುವಿಗೆ ಮೂಗೊರೆಸುವವಳು, ಎಲ್ಲರೂ ಟಿವಿ ಮದುಮಗಳೇ. ಲೀಲಕ್ಕನ ಸಾಲು ಪೂರ್ತಿ ಬಂದಿತ್ತು.

"ವ್ಯಾಪಾರ ಒಳ್ಳೆದಾಗಿದೆ" ಎಂದು ಪಿಸುಗುಟ್ಟಿದರು ದಣಿಗಳು. ಅಷ್ಟರಲ್ಲಿ ಕೃಷ್ಣಣ್ಣ ಬಂದು ನನ್ನ ಕಾಲರು ಹಿಡಿದರು.

"ಬಾ ಇಲ್ಲಿ! ಹುಡುಗಿ ಕೋಣೆಯಿಂದ ಹೊರಗೆ ಬರುವುದಿಲ್ಲ ಅಂತ ಕೂತಿದ್ದಾಳೆ. 'ಹೊರಗೆ ಈಗಾಗಲೇ ಒಂದು ಹಿಂಡು ಶೈಲಂದಿರಿದ್ದಾರೆ, ಯಾರನ್ನಾದರೂ ಒಬ್ಬಳನ್ನು ಕೂರಿಸಿ' ಅಂತಿದ್ದಾಳೆ. ಬೇರೆ ಸೀರೆ ಉಡು ಅಂದರೆ ಅತ್ತೆಗೆ ಮಾತು ಕೊಟ್ಟಾಗಿದೆಯಂತೆ. ಮುಹೂರ್ತ ಬಂತು. ನಿನ್ನ ಸೀರೆ, ನೀನೇ ದಾರಿ ನೋಡು."

ದಣಿಗಳು ಹಿಂದಿನಿಂದ, "ನಾಳೆ ಬೆಳಿಗ್ಗೆ ಗೋಡೌನು" ಎಂದರು.

ಹುಡುಗಿಯ ಕೋಣೆಯ ಬಾಗಿಲ ಪರದೆಯ ಮುಂದೆ ನಿಂತೆ. ಒಳಗಿನಿಂದ ಶೈಲಳ ಸ್ವರ ಬಂತು: "ಛೆ ಛೆ ಅಂದವರು ಬಂದ್ರಾ?" ನನಗೆ ಜೀವಮಾನದಲ್ಲಿ ಗೊತ್ತಿದ್ದದ್ದು ಸೀರೆ ಹೊದೆಯುವುದೊಂದೇ, ಅದೂ ತಪ್ಪು ಹೆಗಲಿಗೆ.

ತಪ್ಪು ಹೆಗಲು!

"ಯಶೋದಾ, ನೀನು ಒಳಗೆ ಹೋಗು. ಸೀರೆ ಬಿಚ್ಚಿ ತಲೆಕೆಳಗೆ ಮಾಡು. ಹಸಿರು ಮೇಲೆ, ನೀಲಿ ಕೆಳಗೆ. ಹಾಗೆ ತಿರುಗಿಸಿದರೆ ಸುತ್ತುವುದೂ ಉಲ್ಟಾ ಆಗ್ತದೆ, ಸೆರಗು ಬಲ ಹೆಗಲಿಗೆ ಬರ್ತದೆ."

ಒಳಗೆ ಹೋದವಳು ಸ್ವಲ್ಪ ಹೊತ್ತಿಗೆ ಕೂಗಿದಳು: "ಅಯ್ಯೋ, ನೆರಿಗೆ ಯಾವ ಕಡೆಗೆ ಬೀಳ್ಬೇಕು? ಕೈಯೇ ಹೋಗುವುದಿಲ್ಲ! ತೋರಿಸಿ ಕೊಡಿ!"

ತೋರಿಸಲು ಸೀರೆ ಬೇಕಲ್ಲ. ದಣಿಗಳ ಕಂಕುಳಲ್ಲಿದ್ದ ಉಡುಗೊರೆಯ ಪೊಟ್ಟಣ ಕಿತ್ತು ಬಿಚ್ಚಿದೆ. ನಾನು ಊಹಿಸಿದ್ದೇ ಸರಿ. ಅದರಲ್ಲೂ ಮಾರದೆ ಉಳಿದ ಮೂರು ಬಣ್ಣದ್ದೇ ಇತ್ತು. ಪ್ಯಾಂಟಿನ ಮೇಲೆಯೇ ಸುತ್ತಿಕೊಂಡು, ಹಿಂದೆ ಮುಂದೆ ತಿರುಗುತ್ತ, "ಇದು ಹೀಗೆ ಬರ್ತದೆ, ಸೊಂಟಕ್ಕೆ ಒಂದು ಸುತ್ತು, ಈಗ ನೆರಿಗೆ ಬಲಗೈಯಲ್ಲಿ..." ಎಂದು ಪಾಠ ಮಾಡಿದೆ. ಪರದೆಯ ಸಂದಿಯಿಂದ ಯಶೋದಾಳ ಒಂದು ಕಣ್ಣು ನೋಡುತ್ತಿತ್ತು. ಬೆಳಕು ಸಾಲದೆಂದು ಕೃಷ್ಣಣ್ಣ ಕಿಟಕಿ ತೆರೆದು ಹಿಡಿದರು. ಸೆರಗನ್ನು ಬಲ ಹೆಗಲಿಗೆ ಹಾಕಿ, ಅಭ್ಯಾಸಬಲದಿಂದ ಮುಖ ಸ್ವಲ್ಪ ಆಚೆ ತಿರುಗಿಸಿ ನಿಂತೆ.

ಸರಿಯಾಗಿ ಆಗಲೇ ವಾಲಗದ ಜೊತೆ ಮದುಮಗ ಜಯನನ್ನು ಆ ಕೋಣೆಯ ಮುಂದಿನ ಓಣಿಯಲ್ಲೇ ಕರೆತಂದರು. ಅವನು ಶೈಲಳನ್ನು ಒಂದು ಸಲ ಮಾತ್ರ ನೋಡಿದ್ದ, ಅದೂ ನಾಚಿಕೆಯಲ್ಲಿ ಅರ್ಧ. ನನ್ನ ಬೆನ್ನು ನೋಡಿ ಸ್ವಲ್ಪ ಮುಗುಳ್ನಕ್ಕ. ನಾನು ತಿರುಗಿದೆ. ಅವನು ನನ್ನ ಮೀಸೆ ನೋಡಿದ. ಫೋಟೋದವನ ಫ್ಲಾಶ್ ಬೆಳಗಿತು.

"ಅಮ್ಮಾ," ಎಂದ ಜಯ, ದುಬೈಗೋ ಬಹರೈನಿಗೋ ಸಿಕ್ಕಿದ ವಿಮಾನ ಹತ್ತುವವನ ಸ್ವರದಲ್ಲಿ, "ಇದು ಯಾರು?"

ಲೀಲಕ್ಕ ಹೇಳಿದರು: "ಹೆದರ್ಬೇಡ ಮಗಾ, ಅದು ಅಂಗಡಿಯ ವಾಸು."

ಪರದೆ ಸರಿಯಿತು, ಶೈಲ ಹೊರಗೆ ಬಂದಳು. ಎದೆಯ ಮೇಲೆ ಹಸಿರು, ಪಾದದ ಹತ್ತಿರ ನೀಲಿ, ಸೆರಗು ಬಲಕ್ಕೆ. ಹಾಲ್‌ನ ಅಷ್ಟೂ ಮೂರು ಬಣ್ಣಗಳ ನಡುವೆ ಅವಳೊಬ್ಬಳೇ ಬೇರೆ. ಅದೇ ಸೀರೆ, ಅದೇ ಬಣ್ಣ, ಆದರೂ ಎಲ್ಲರ ಕುತ್ತಿಗೆಯೂ ಅವಳ ಕಡೆ ತಿರುಗಿತು. ಶೈಲಳ ಅಜ್ಜಿ ಮಾತ್ರ, "ಎಂತ ಮಗಾ ಇದು, ಬಲಕ್ಕೆ ಸೆರಗು?" ಎಂದು ಗೊಣಗಿದರು.

"ಟಿವಿಯಲ್ಲೂ ಬಲಕ್ಕೇ ಇತ್ತು ದೊಡ್ಡಮ್ಮಾ!" ಎಂದು ಲೀಲಕ್ಕ ಅಜ್ಜಿಯ ಕೈ ಹಿಡಿದು ಕುಣಿದರು. ಉತ್ತರದವರು ಸೆರಗನ್ನು ಹಾಗೇ ಹಾಕುವುದು ಎಂದು ನನಗೆ ಆ ಕ್ಷಣ ನೆನಪಾಯಿತು. "ಹೌದು ಹೌದು, ಅದಕ್ಕೇ ಹಾಗೆ ಉಡಿಸಿದ್ದು" ಎಂದೆ, ನನ್ನ ಸೀರೆಯನ್ನು ಬಿಚ್ಚಲು ಒದ್ದಾಡುತ್ತ. ದಾರೆಯ ನೀರು ಬಿತ್ತು. ಕೃಷ್ಣಣ್ಣ ನನ್ನ ಕಾಲರನ್ನು ತಾವೇ ಸರಿಮಾಡಿ, ಊಟಕ್ಕೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಎರಡನೇ ಸಲ ಪಾಯಸ ಬಂದಾಗ, "ನಮ್ಮ ಟಿವಿಯ ಆ ಗುಬ್ಬಿ ಎಷ್ಟಕ್ಕೆ ಇಡ್ಬೇಕು, ನಿನಗೆ ಗೊತ್ತುಂಟಾ?" ಎಂದು ಗುಟ್ಟಾಗಿ ಕೇಳಿದರು.

ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೆಂಗಸರು ನಿಂತಿದ್ದರು. "ದೇರೆಬೈಲಿನ ಮದುಮಗಳ ಸೀರೆ ಬೇಕು. ಹಸಿರು ಮೇಲೆ, ನೀಲಿ ಕೆಳಗೆ. ಹಳೇ ನಮೂನೆ ಬೇಡ, ಅದು ಎಲ್ಲರ ಹತ್ತಿರವೂ ಉಂಟು."

ನಾನು, "ಅಕ್ಕ, ಅದು ಇದೇ ಸೀ..." ಎನ್ನುವಷ್ಟರಲ್ಲಿ ದಣಿಗಳು ನನ್ನ ಕಾಲು ತುಳಿದರು. ಒಳಗೆ ಎಳೆದುಕೊಂಡು ಹೋಗಿ ಹೇಳಿದರು: "ಮಾರಾಯ, ಬಾಯಿ ಮುಚ್ಚು. ಉಳಿದ ಅರ್ಧ ಕಟ್ಟನ್ನು ತಲೆಕೆಳಗೆ ಮಡಿಸು."

ಮೋನಪ್ಪಣ್ಣ ಮತ್ತು ನಾನು ಕೂತು ಎಲ್ಲವನ್ನೂ ಬಿಚ್ಚಿ ಹಸಿರು ಮೇಲೆ ಬರುವ ಹಾಗೆ ಮಡಿಸಿದೆವು. ಆ ವಾರ ನಾನು ಬಲಹೆಗಲಿನ ಪಾಠ ಹೇಳಿಕೊಟ್ಟ ಹೆಂಗಸರೆಷ್ಟೋ. ಕೊನೆಯ ಸೀರೆ ಪೊಟ್ಟಣವಾಗುವಾಗ ಹೊರಗೆ ಮಣ್ಣಿನ ವಾಸನೆ ಬಂತು, ಹೆಂಚಿನ ಮೇಲೆ ದಪ್ಪ ಹನಿ ಬಿತ್ತು. ದಣಿಗಳು ಮಳೆಯನ್ನು ನೋಡಿದರು, ಖಾಲಿ ಮೂಲೆಯನ್ನು ನೋಡಿದರು. "ಭಾವನಿಗೆ ಬೇರೆ ಜನ ನೋಡ್ಲಿಕ್ಕೆ ಹೇಳ್ಬೇಕು" ಎಂದರು. ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದೇ. ಆವತ್ತು ಯಶೋದಾ ನನ್ನನ್ನು ಮೂಸಿ ನೋಡಿ ಒಳಗೆ ಬಿಟ್ಟಳು.

ಮಳೆಗಾಲದ ನಡುವೆ ಲೀಲಕ್ಕ ನಮ್ಮಿಬ್ಬರನ್ನು ಊಟಕ್ಕೆ ಕರೆದರು. ಜಯ ಬಹರೈನಿಗೆ ಮರಳಿ ಹೋಗಿದ್ದ, ವೀಸಾ ಬರುವವರೆಗೆ ಶೈಲ ಅತ್ತೆಯ ಜೊತೆ. ಸಂಜೆ ಧಾರಾವಾಹಿ ಶುರುವಾಯಿತು. ಅತ್ತೆ ಸೊಸೆ ಇಬ್ಬರೂ ಒಂದೇ ಚಾಪೆಯಲ್ಲಿ ಕೂತಿದ್ದರು. ನನಗೆ ಏನೋ ಸರಿ ಕಾಣಲಿಲ್ಲ. ಪರದೆಯ ಮೇಲೆ ಎಲ್ಲರ ಮುಖ ಹಸಿರು. ಡಾಕ್ಟರ್ ಹಸಿರು, ಅಜ್ಜ ಹಸಿರು. ನೆಲ ಮಾತ್ರ ಸಮುದ್ರದ ಹಾಗೆ ನೀಲಿ.

"ಲೀಲ‌ಕ್ಕಾ, ನಿಮ್ಮ ಹಾಳೆ ತಲೆಕೆಳಗಾಗಿದೆ" ಎಂದೆ.

"ಆದದ್ದಲ್ಲ ವಾಸೂ, ನಾನೇ ತಿರುಗಿಸಿದ್ದು." ಲೀಲಕ್ಕ ಸೊಸೆಯ ತಟ್ಟೆಗೆ ಇನ್ನೊಂದು ಪತ್ರೊಡೆ ಹಾಕಿದರು. "ಟಿವಿಯವಳು ಈಗ ನಮ್ಮ ಶೈಲಳ ಹಾಗೆ ಉಡ್ಲಿ."